ಐತವಾರ ತಿರುಗಿದ ಗಿರಣಿ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಾನು ಚರ್ಚಿನಲ್ಲಿ ಕೈ ಕಟ್ಟಿ ಕುಳಿತಿದ್ದೆ. ಊರಿನ ಇನ್ನೊಂದು ತುದಿಯಲ್ಲಿ ನನ್ನ ಹಿಟ್ಟಿನ ಗಿರಣಿ ಬೀಸುತ್ತಿತ್ತು.

ಕನಸಲ್ಲ. ತಾಯಿಗೆ ತನ್ನ ಮಗುವಿನ ಅಳು ಗೊತ್ತಾಗುವ ಹಾಗೆ ಗಿರಣಿಯವನಿಗೆ ತನ್ನ ಬೆಲ್ಟಿನ ಸಪ್ಪಳ ಗೊತ್ತಾಗುತ್ತದೆ. ನನ್ನ ಬೆಲ್ಟು ಹರಿದು ಹೊಲಿಸಿಕೊಂಡದ್ದು. ಆ ಹೊಲಿಗೆ ಚಕ್ರದ ಮೇಲೆ ಬಂದಾಗಲೆಲ್ಲ ಟಪ್ ಅನ್ನುತ್ತದೆ. ಪಾದ್ರಿ ಸಾಹೇಬರು ಆತ್ಮಸಂಯಮದ ಮೇಲೆ ಉಪದೇಶ ಮಾಡುತ್ತಿದ್ದರು. ಅವರ ಒಂದೊಂದು ವಾಕ್ಯಕ್ಕೂ ನನ್ನ ಗಿರಣಿ ದೂರದಿಂದ ಟಪ್ ಟಪ್ ಎಂದು ಪೂರ್ಣವಿರಾಮ ಹಾಕುತ್ತಿತ್ತು.

ಯಜಮಾನ ಇಲ್ಲಿ ಕುಳಿತಿದ್ದಾನೆ. ಹಾಗಾದರೆ ಅಲ್ಲಿ ಬೀಸುತ್ತಿರುವವರು ಯಾರು?

ಅದನ್ನು ಹೇಳುವ ಮೊದಲು ಹೊಸ ಓದುಗರಿಗೆ ಸ್ವಲ್ಪ ಹಿನ್ನೆಲೆ. (ಹಳಬರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು. ಹೇಗೂ ನೀವು ಬಿಟ್ಟು ಬಿಟ್ಟೇ ಓದುವವರು.) ಕುಂದಗೋಳ ತಾಲೂಕಿನಲ್ಲಿ, ಕುಬಿಹಾಳದ ಆಸುಪಾಸಿನ ಹಳ್ಳಿ ನಮ್ಮದು. ನನಗೆ ಒಂದು ಮೋಟಾರು, ಒಂದು ಜೋಡಿ ಕಲ್ಲು, ಒಬ್ಬ ಹೆಂಡತಿ, ಒಬ್ಬ ಮಗಳು. ಗಿರಣಿಗೂ ಮನೆಗೂ ನಡುವೆ ಒಂದೇ ಗೋಡೆ. ಕರೆಂಟು ಇದ್ದಾಗ ಬೀಸುತ್ತೇನೆ, ಹೋದಾಗ ಬರೆಯುತ್ತೇನೆ. ಈ ಅಂಕಣ ವಾರ ತಪ್ಪದೆ ಬರುತ್ತಿದೆ ಎಂದರೆ ನಮ್ಮ ಕಡೆ ಕರೆಂಟಿನ ಸ್ಥಿತಿ ಹೇಗಿದೆ ಎಂದು ನೀವೇ ಊಹಿಸಿಕೊಳ್ಳಿ.

ನಾವು ಕ್ರೈಸ್ತರು. ಊರಲ್ಲಿ ನಮ್ಮವು ಕೆಲವೇ ಮನೆ. ಹಂಚಿನ ಒಂದು ಪುಟ್ಟ ಚರ್ಚು. ಪಾದ್ರಿ ಸಾಹೇಬರು ಹುಬ್ಬಳ್ಳಿಯಿಂದ ಬಸ್ಸಿಗೆ ಬರುತ್ತಾರೆ. ಬಸ್ಸು ಯಾವಾಗ ಬರುತ್ತದೋ ಆವಾಗ ಆರಾಧನೆ ಶುರು. ನಾನು ಸಭೆಯ ಹಿರಿಯ. (ವಯಸ್ಸಿನಿಂದಲ್ಲ, ಬೇರೆ ಯಾರೂ ಒಪ್ಪದೇ ಇದ್ದುದರಿಂದ.)

ಭಾನುವಾರ ನನ್ನ ಗಿರಣಿ ಬಂದ್. ನೌಕರಿ ಮಂದಿಗೆ ಬಿಡುವು ಸಿಗುವುದು ಅವತ್ತೇ, ಆದರೂ ಬಂದ್. ಯಾರಾದರೂ ಕೇಳಿದರೆ ಕುತ್ತಿಗೆ ಸ್ವಲ್ಪ ಎತ್ತಿ, "ನಮ್ಮ ಮನ್ಯಾಗ ಐತಾರ ಅಂದ್ರ ಐತಾರ್ರಿ. ಅದು ದೇವರ ದಿನಾ" ಅನ್ನುತ್ತಿದ್ದೆ. ತ್ಯಾಗ ಮಾಡುವುದಕ್ಕಿಂತ, ತ್ಯಾಗ ಮಾಡಿದ್ದೇನೆ ಎಂದು ನಾಲ್ಕು ಜನರಿಗೆ ಹೇಳುವುದರಲ್ಲಿ ಹೆಚ್ಚು ಸುಖವಿದೆ. ಗಮನಿಸಿದ್ದೀರಾ?

ನಿಜವಾಗಿ ನೋಡಿದರೆ ಈ ನಿಯಮ ನನ್ನದಲ್ಲ, ನನ್ನ ಹೆಂಡತಿ ಕರುಣಾಳದ್ದು. ಅವಳ ತಂದೆ ಸಭೆಯಲ್ಲಿ ಉಪದೇಶಿಯಾಗಿದ್ದವರು. ಮದುವೆಯಾದ ಹೊಸತರಲ್ಲೇ ಅವಳು, "ಐತಾರ ಒಂದ ದಿನ ಗಿರಣಿ ಚಾಲೂ ಮಾಡಬ್ಯಾಡ್ರಿ" ಅಂದಿದ್ದಳು. ನಾನು ಕಾರಣ ಕೇಳಲಿಲ್ಲ. ಉಪದೇಶಿಯ ಮಗಳನ್ನು ಭಾನುವಾರದ ಕಾರಣ ಕೇಳುವ ಧೈರ್ಯ ಯಾರಿಗಿದೆ?

ಹೀಗಿರುವಾಗ ಲೈನಿನಲ್ಲಿ ಎಲ್ಲೋ ಏನೋ ಸುಟ್ಟು ನಮ್ಮೂರಿಗೂ ಸುತ್ತಲಿನ ಹಳ್ಳಿಗಳಿಗೂ ಕರೆಂಟು ಹೋಯಿತು. ಗುರುವಾರ ಹೋದದ್ದು ಶನಿವಾರ ಸಂಜೆಯಾದರೂ ಬರಲಿಲ್ಲ. ಗಿರಣಿಯ ಮುಂದೆ ಡಬ್ಬಿಗಳ ಸಾಲು ಬೆಳೆಯಿತು. ಆ ಸಾಲಿನಲ್ಲಿ ನಮ್ಮ ಓಣಿಯ ಗೌರವ್ವನವರ ಡಬ್ಬಿಗಳೂ ಇದ್ದವು.

ಗೌರವ್ವನವರ ಬಗ್ಗೆ ಹೇಳಲೇಬೇಕು. ಹಣೆ ತುಂಬ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಯದೆ ನೀರೂ ಮುಟ್ಟದ ಹೆಂಗಸು. ನಾನು ಗಿರಣಿ ಹಾಕಿದಾಗ ಊರಿನ ಬಹಳ ಮಂದಿ ದೂರದಿಂದಲೇ ನೋಡಿ ಹೋಗುತ್ತಿದ್ದರು. ಕಿರಿಸ್ತಾನರ ಗಿರಣಿಯಲ್ಲಿ ಬೀಸಿದ ಹಿಟ್ಟು ನಡೆಯುತ್ತದೋ ಇಲ್ಲವೋ ಎಂದು ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಯಾರೂ ಜೋಳವನ್ನೂ ತರಲಿಲ್ಲ. ಒಂದು ದಿನ ನಡುಹಗಲು, ಓಣಿಯವರೆಲ್ಲ ಕಟ್ಟೆಯ ಮೇಲೆ ಕುಳಿತಿದ್ದಾಗ, ಗೌರವ್ವನವರು ತಲೆಯ ಮೇಲೆ ಬುಟ್ಟಿ ಹೊತ್ತು ನಡುಬೀದಿಯಲ್ಲಿ ನಡೆದು ಬಂದು, "ಸಣ್ಣಗ ಬೀಸಪಾ, ನಮ್ಮ ಅತ್ತಿಯವ್ರಿಗೆ ಹಲ್ಲಿಲ್ಲ" ಅಂದರು. ಮರುದಿನದಿಂದ ಗಿರಣಿಗೆ ಬಿಡುವಿರಲಿಲ್ಲ.

ಅಂಥ ಗೌರವ್ವನವರ ಮಗಳ ಮದುವೆ ಆ ಸೋಮವಾರ. ಶನಿವಾರ ಸಂಜೆ ಅವರು ಕಡಲೆಬೇಳೆಯ ಡಬ್ಬಿಗಳ ಪಕ್ಕದಲ್ಲಿ ನಿಂತಿದ್ದರು.

"ಯೋಹಾನಪ್ಪಾ, ಬುಂದೇ ಲಾಡು ಕಟ್ಟಬೇಕಪಾ. ಅಡಗಿಯವ್ರು ಹಿಟ್ಟ ಎಲ್ಲಿ ಅಂತ ಕುಂತಾರ. ಕರೆಂಟ್ ಬಂದ ಕೂಡ್ಲೇ ಮೊದಲ ನಂದ ಬೀಸಿ ಕೊಡು."

"ರಾತ್ರಿ ಬಂದ್ರ ಎದ್ದ ಬೀಸ್ತೀನಿ ಅಕ್ಕಾರ."

"ಮುಂಜಾನೆ ಬಂದ್ರ?"

ನಾನು ಕುತ್ತಿಗೆ ಸ್ವಲ್ಪ ಎತ್ತಿದೆ. "ಮುಂಜಾನೆ ಐತಾರ ಅಲ್ರಿ?"

"ಮದವಿ ಸೋಮವಾರ ಐತೋ ತಮ್ಮಾ. ಅಷ್ಟ ಬ್ಯಾಳಿ ಮನ್ಯಾಗಿನ ಕಲ್ಲಾಗ ಯಾರ ಬೀಸಬೇಕು?"

"ದೇವರ ದಿನಾ ಅಕ್ಕಾರ. ನನ್ನ ಕೈಯಾಗ ಏನೂ ಇಲ್ಲ."

ನನ್ನ ಕೈಯಲ್ಲೇ ಇತ್ತು. ಮೋಟಾರಿನ ಸ್ವಿಚ್ಚು ನನ್ನ ಕೈಗೆ ಒಂದು ಗೇಣು ದೂರದಲ್ಲಿತ್ತು. ಗೌರವ್ವನವರು ಜಗಳವಾಡಲಿಲ್ಲ. ಡಬ್ಬಿಗಳನ್ನು ಅಲ್ಲೇ ಬಿಟ್ಟು, "ಇರಲಿ, ನಿಮ್ಮ ದೇವರೂ ಕಣ್ಣ ತಕ್ಕೊಂಡ ನೋಡ್ತಾನ" ಎಂದು ಹೋದರು. ಒಳಬಾಗಿಲಲ್ಲಿ ಕರುಣಾ ನಿಂತಿದ್ದಳು. ಡಬ್ಬಿಗಳನ್ನೇ ನೋಡುತ್ತಿದ್ದಳು. ನನ್ನ ಭಕ್ತಿಯನ್ನು ನೋಡಿ ಮಾತು ಹೊರಡುತ್ತಿಲ್ಲ ಎಂದುಕೊಂಡೆ.

ರಾತ್ರಿಯೂ ಕರೆಂಟು ಬರಲಿಲ್ಲ. ಭಾನುವಾರ ಬೆಳಿಗ್ಗೆ ಎದ್ದು ನಾನು ಮಾಡಿದ ಮೊದಲ ಪ್ರಾರ್ಥನೆ ಯಾವುದು ಗೊತ್ತೇ? ಬೇಗ ಕರೆಂಟು ಬರಲಿ ಎಂದಲ್ಲ. ಸೋಮವಾರದ ತನಕ ಬರದೇ ಇರಲಿ ಎಂದು! ಬರದಿದ್ದರೆ ತಪ್ಪು ಕರೆಂಟಿನವರದು. ನನ್ನದೂ ಅಲ್ಲ, ದೇವರದೂ ಅಲ್ಲ.

ದೇವರು ಈ ಪ್ರಾರ್ಥನೆಯನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಆರಾಧನೆಯ ನಡುವೆ ತಲೆಯ ಮೇಲಿನ ಫ್ಯಾನು ಒಮ್ಮೆ ಕೊಯ್ಯೆಂದು ನರಳಿ ತಿರುಗತೊಡಗಿತು. ಇಡೀ ಸಭೆ ಫ್ಯಾನನ್ನು ನೋಡಿತು. ಆಮೇಲೆ ನನ್ನನ್ನು ನೋಡಿತು. ಗೌರವ್ವನವರ ಸುದ್ದಿ ಊರಿಗೆಲ್ಲ ಗೊತ್ತಿತ್ತಲ್ಲ! ನಾನು ಕಣ್ಣು ಮುಚ್ಚಿದೆ. ಅಷ್ಟು ಬಿಗಿಯಾಗಿ ಕಣ್ಣು ಮುಚ್ಚಿ ನಾನು ಜನ್ಮದಲ್ಲಿ ಪ್ರಾರ್ಥನೆ ಮಾಡಿರಲಿಲ್ಲ. ನೋಡಲಿ, ಎಲ್ಲರೂ ನೋಡಲಿ. ಕರೆಂಟು ಬಂದರೂ ಅಲುಗಾಡದ ಮನುಷ್ಯ ಹೇಗಿರುತ್ತಾನೆ ಎಂದು ನೋಡಲಿ.

ಸ್ವಲ್ಪ ಹೊತ್ತಿಗೆ ಉಪದೇಶ ಶುರುವಾಯಿತು. ಆಗ ಕೇಳಿಸಿತು, ಟಪ್ ಟಪ್.

ಪಕ್ಕದಲ್ಲಿದ್ದ ದರ್ಜಿ ದೇವದಾನಪ್ಪ ಮೊಣಕೈಯಿಂದ ತಿವಿದ. "ಗಿರಣಿ ನಿಮ್ದ ಅಲ್ಲೇನ್ರಿ?"

"ಅಲ್ಲ" ಅಂದೆ. ಚರ್ಚಿನಲ್ಲಿ, ಪಾದ್ರಿಗಳ ಎದುರಿನಲ್ಲಿ, ಹಸಿ ಸುಳ್ಳು! ನಮ್ಮ ಬೈಬಲಿನಲ್ಲಿ, ಗುರುವನ್ನು ಅರಿಯೆನೆಂದು ಸುಳ್ಳು ಹೇಳಿದ ಶಿಷ್ಯನಿಗೆ ಕೋಳಿ ಕೂಗಿದಾಗ ಎಚ್ಚರವಾಗಿ ಅಳು ಬಂತಂತೆ. ನಮ್ಮೂರಿನ ಕೋಳಿಗಳು ಅಷ್ಟು ಜವಾಬ್ದಾರಿಯವಲ್ಲ.

ಮೆಲ್ಲಗೆ ಹೆಂಗಸರ ಕಡೆ ನೋಡಿದೆ. ಚಾಪೆಯ ಮೇಲೆ ಮಗಳು ಪ್ರೇಮಾ ಒಬ್ಬಳೇ ಕುಳಿತಿದ್ದಳು. ನನ್ನ ಕಣ್ಣು ತಪ್ಪಿಸಿ ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಳು. ಅವಳ ಪಕ್ಕದ ಜಾಗ ಖಾಲಿ.

ಕರುಣಾಗೆ ಗಿರಣಿ ಹೊಸದಲ್ಲ. ನಾನು ಹುಬ್ಬಳ್ಳಿಗೆ ಹೋದ ದಿನ ಅವಳೇ ನಡೆಸುವುದು. ಆದರೆ ಭಾನುವಾರ? ಉಪದೇಶಿಯ ಮಗಳು?

ಕೊನೆಯ ಹಾಡಿಗೆ ಎಲ್ಲರೂ ಎದ್ದು ನಿಂತಾಗ ಅವಳು ಒಳಗೆ ಬಂದಳು. ಭಾನುವಾರಕ್ಕೆಂದೇ ಇಟ್ಟಿದ್ದ ಬಿಳಿ ಸೀರೆಯ ತುಂಬ ಕಡಲೆ ಹಿಟ್ಟು. ಕೆನ್ನೆ, ಹುಬ್ಬು, ಕೂದಲು ಎಲ್ಲ ಹಳದಿ. ಅರಿಶಿನ ಹಚ್ಚಿ ಆಗಷ್ಟೇ ಎಬ್ಬಿಸಿದ ಮದುಮಗಳ ಹಾಗೆ ಕಾಣುತ್ತಿದ್ದಳು. ತನ್ನ ಜಾಗದಲ್ಲಿ ನಿಂತು, ಹಾಡು ಎಲ್ಲಿತ್ತೋ ಅಲ್ಲಿಂದಲೇ ಎತ್ತಿಕೊಂಡಳು. ಸಭೆಯಲ್ಲಿ ಅವಳದ್ದೇ ಗಟ್ಟಿ ದನಿ. ಪಾದ್ರಿ ಸಾಹೇಬರು ಒಮ್ಮೆ ಅವಳನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಆಶೀರ್ವಾದ ಹೇಳಿ ಬಸ್ಸಿಗೆ ಓಡಿದರು.

ಮನೆಗೆ ಹೋಗುವ ತನಕ ನಾನು ತಡೆದುಕೊಂಡೆ. ಹೊಸ್ತಿಲು ದಾಟಿದ್ದೇ ತಡ, "ಏನಿದು?" ಅಂದೆ.

"ಗೌರಕ್ಕನ ಬ್ಯಾಳಿ ಬೀಸಿ ಕೊಟ್ಟೆ."

"ಐತಾರ!"

"ರೊಕ್ಕಾ ತಗೊಂಡಿಲ್ರಿ. ತಗೊಂಡಿದ್ರ ಅದು ವ್ಯಾಪಾರ. ತಗೊಳ್ಳಲಿಲ್ಲಂದ್ರ ಏನ ಅಂತಾರ, ನೀವ ಹೇಳ್ರಿ. ಪೇಪರ್‌ಗೆ ಬರಿಯಾಂವ್ರು ನೀವು."

ಅವಳು ಸೀರೆ ಕೊಡವಲು ಹಿತ್ತಿಲಿಗೆ ಹೋದಳು.

ಇಲ್ಲಿಗೆ ಮುಗಿದಿದ್ದರೆ ಕಥೆಯಲ್ಲಿ ನನ್ನ ಪಾಲು ಅಷ್ಟೊಂದು ನಾಚಿಕೆಗೇಡಿನದಾಗುತ್ತಿರಲಿಲ್ಲ. ಆದರೆ ಸೋಮವಾರ ಮದುವೆಗೆ ಹೋದೆ. ಊಟದ ಪಂಕ್ತಿಯಲ್ಲಿ ಗೌರವ್ವನವರು ತಾವೇ ಬಂದು ನನ್ನ ಎಲೆಗೆ ಲಾಡು ಹಾಕಿ, ಎಲ್ಲರಿಗೂ ಕೇಳುವ ಹಾಗೆ, "ಈ ಲಾಡು ಇವ್ರ ಮನಿ ಪುಣ್ಯಾರೀ. ತಮ್ಮ ದೇವರ ದಿನಾ ಅಂತ ಇದ್ರೂ ನಮ್ಮ ಸಲುವಾಗಿ ಬೀಸಿ ಕೊಟ್ರು. ಒಂದ ಪೈಸಾ ಮುಟ್ಟಲಿಲ್ಲ" ಅಂದರು. ಪಂಕ್ತಿಯ ಈ ತುದಿಯಿಂದ ಆ ತುದಿಯ ತನಕ ತಲೆಗಳು ನನ್ನ ಕಡೆ ತಿರುಗಿದವು.

ಆ ಹೊತ್ತಿಗೆ ಒಬ್ಬ ಪ್ರಾಮಾಣಿಕ ಮನುಷ್ಯ ಏನು ಹೇಳಬೇಕು? "ನಾನು ಬೇಡ ಅಂದಿದ್ದೆ, ನನ್ನ ಹೆಂಡತಿ ಬೀಸಿದಳು" ಅನ್ನಬೇಕು. ಆದರೆ ಬಾಯಲ್ಲಿ ಲಾಡು ಇತ್ತು. ಲಾಡು ನುಂಗಿ ನಾನು ಹೇಳಿದ್ದು: "ಅದರಾಗ ಏನೈತ್ರಿ, ಐತಾರ ಬೀಸಿದ್ರ ನಾವು ರೊಕ್ಕಾ ತಗೊಳ್ಳೂದಿಲ್ಲ. ಅದು ಸೇವಾ."

ಬಹಳ ಚಂದದ ಮಾತು. ಪಂಕ್ತಿಯಲ್ಲಿ ಎಲ್ಲರೂ ಒಪ್ಪಿದರು. ಎಲ್ಲರೂ ನೆನಪಿಟ್ಟುಕೊಂಡರು ಕೂಡ.

ಮುಂದಿನ ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲು ತೆಗೆದರೆ ಓಣಿ ಕಾಣಿಸಲಿಲ್ಲ. ಡಬ್ಬಿ, ಬುಟ್ಟಿ, ಚೀಲ, ಅವುಗಳ ಹಿಂದೆ ಜನ. ನೆರೆಯ ಊರಿನಿಂದ ಒಬ್ಬ ಎತ್ತಿನ ಚಕ್ಕಡಿ ಕಟ್ಟಿಕೊಂಡೇ ಬಂದಿದ್ದ. ವರ್ಷಕ್ಕೊಮ್ಮೆಯೂ ನನ್ನ ಗಿರಣಿಯ ಕಡೆ ತಲೆ ಹಾಕದ ಬಸಪ್ಪಜ್ಜ ಎಲ್ಲರಿಗಿಂತ ಮುಂದೆ ಗೋಧಿ ಚೀಲದ ಮೇಲೆ ಕುಳಿತಿದ್ದ.

"ಇವತ್ತ ಸೇವಾ ಐತೆಲ್ರಿ?" ಅಂದ.

ಬೇಡ ಅಂದರೆ ಪಂಕ್ತಿಯಲ್ಲಿ ಆಡಿದ ಮಾತು ಸುಳ್ಳಾಗುತ್ತದೆ. ರೊಕ್ಕ ಕೇಳಿದರೆ ಭಾನುವಾರದ ವ್ಯಾಪಾರ. ಪುಕ್ಕಟೆ ಬೀಸಿದರೆ ಇನ್ನು ಸೋಮವಾರದಿಂದ ಶನಿವಾರದ ತನಕ ಗಿರಣಿಗೆ ಬರುವವರು ಯಾರು? ಅವತ್ತು ಹಾಳಾದ ಕರೆಂಟು ಕೂಡ ಬೆಳಿಗ್ಗೆಯಿಂದ ಒಂದು ಕ್ಷಣ ಹೋಗಿರಲಿಲ್ಲ.

ಅಷ್ಟರಲ್ಲಿ ಬಸ್ಸು ಬಂತು. ಪಾದ್ರಿ ಸಾಹೇಬರು ಇಳಿದು ನಮ್ಮ ಓಣಿಯ ದಾರಿಯಲ್ಲಿ ಬರುತ್ತಿದ್ದವರು ಗಕ್ಕನೆ ನಿಂತರು. ಗಂಡಸರು, ಹೆಂಗಸರು, ಮುದುಕರು, ಚಕ್ಕಡಿ. ಎಲ್ಲರೂ ಸಭೆಯ ಹಿರಿಯನ ಮನೆಯ ಮುಂದೆ, ಅದೂ ಭಾನುವಾರ ಬೆಳಿಗ್ಗೆ. ಅವರ ಕಣ್ಣು ತುಂಬಿ ಬಂತು.

"ಯೋಹಾನಪ್ಪ! ಇಷ್ಟ ಮಂದಿ!" ನನ್ನ ಎರಡೂ ಕೈ ಹಿಡಿದುಕೊಂಡರು. "ಆತ್ಮಗಳ ಸುಗ್ಗಿ ಬಂತ ನೋಡ್ರಿ, ಸುಗ್ಗಿ!"

"ಸುಗ್ಗೀನ ಬಂದೈತ್ರಿ" ಅಂದೆ. "ಚೀಲದಾಗ."

ವಿಷಯವೆಲ್ಲ ಹೇಳಿದೆ. ಪಾಪ, ಅವರ ಮುಖ ನೋಡಲಾಗಲಿಲ್ಲ. ಕೈಯಲ್ಲಿದ್ದ ಚೀಲವನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದರು.

"ಅದೇನ್ರಿ ಸಾಹೇಬ್ರ?"

"ಏನಿಲ್ಲ... ಸ್ವಲ್ಪ ಗೋದಿ. ನಮ್ಮ ಮನಿಯವ್ರು, ಹೆಂಗೂ ಗಿರಣಿಯವ್ರ ಊರಿಗೆ ಹೊಂಟೀರಿ, ಬೀಸಿಸಿಕೊಂಡ ಬರ್ರಿ ಅಂದಿದ್ರು. ಇವತ್ತ ಬ್ಯಾಡ. ನಾಳೆ ಬೀಸಿ ಇಡ್ರಿ, ಮುಂದಿನ ವಾರ ಒಯ್ತೀನಿ."

ಸಂಯಮದ ಬಗ್ಗೆ ಉಪದೇಶ ಮಾಡಿದವರಲ್ಲವೇ, ಸಂಯಮ ಇತ್ತು.

ನಾನು ಹೊಸ್ತಿಲ ಮೇಲೆ ನಿಂತು ಭಾಷಣ ಶುರು ಮಾಡಿದೆ. ಸೇವೆ ಎಂದರೇನು, ವ್ಯಾಪಾರ ಎಂದರೇನು, ಪಂಕ್ತಿಯಲ್ಲಿ ಆಡಿದ ಮಾತಿನ ಒಳಾರ್ಥವೇನು. ಜನ ಬಹಳ ಗೌರವದಿಂದ ಕೇಳಿದರು. ಒಬ್ಬರೂ ಕದಲಲಿಲ್ಲ.

ಕರುಣಾ ನನ್ನನ್ನು ಬದಿಗೆ ಸರಿಸಿ ಮುಂದೆ ಬಂದಳು.

"ನಾಳೆ ಯಾರ ಮನ್ಯಾಗ ಮದವಿ ಐತಿ?" ಅಂದಳು.

ಕೆಲವರು ಡಬ್ಬಿಯ ಮುಚ್ಚಳ ಸರಿಮಾಡತೊಡಗಿದರು.

"ಯಾರ ಮನ್ಯಾಗ ಸಾವಾಗೇತಿ? ಯಾರ ಮನ್ಯಾಗ ಬಾಣಂತಿ ಅದಾಳ? ಇವತ್ತ ಹಿಟ್ಟ ಇಲ್ಲಂದ್ರ ಒಲಿ ಹತ್ತೂದಿಲ್ಲ ಅನ್ನವ್ರ ಯಾರರ ಅದೀರೇನ?"

ಬಸಪ್ಪಜ್ಜ ಗಂಟಲು ಸರಿಮಾಡಿಕೊಂಡ. "ನನ್ನ ಮೊಮ್ಮಗಳ ಮದವಿ ಮಾಡಬೇಕಂತ ವಿಚಾರ ಐತಿ."

"ವರಾ ಗೊತ್ತಾಗೇತೇನ ಅಜ್ಜಾ?"

"ನೋಡಾಕತ್ತೇವಿ."

ಓಣಿಯೆಲ್ಲ ಘೊಳ್ಳೆಂದು ನಕ್ಕಿತು. ಅಷ್ಟರಲ್ಲಿ ಗೌರವ್ವನವರೂ ಬಂದರು. ತಾವು ಹೊಗಳಿದ್ದರ ಫಲ ನೋಡಿ ಅವರಿಗೆ ಸಿಟ್ಟೂ ನಾಚಿಕೆಯೂ ಒಟ್ಟಿಗೆ ಬಂದಿತ್ತು. "ಏಳೋ ಬಸಪ್ಪಜ್ಜಾ, ನಿಂದೇನ ಬಡತನಾ? ನಾಲ್ಕ ಎತ್ತ ಕಟ್ಟೀದಿ ಮನ್ಯಾಗ. ಆಕಿ ನನಗ ಬೀಸಿ ಕೊಟ್ಟಿದ್ದು ನನ್ನ ಅಡಚಣಿ ನೋಡಿ. ಊರೆಲ್ಲಾ ಬಂದ ಕುಂಡ್ರಾಕ ಇದೇನ ಧರ್ಮಛತ್ರ ಮಾಡೀರೇನ?" ಎಂದು ಸಾಲಿನ ಉದ್ದಕ್ಕೂ ಬೈದುಕೊಂಡು ಹೋದರು. ಜನ ಡಬ್ಬಿ ಎತ್ತಿಕೊಂಡರು. ಕೆಲವರು ನಾಳೆ ಬೀಸಿ ಇಡಿ ಎಂದು ಬಿಟ್ಟು ಹೋದರು. ಹಿಂದೆ ನಿಂತಿದ್ದ ಒಬ್ಬ ಹುಡುಗಿ ಮಾತ್ರ ಹೋಗದೆ, ಅಕ್ಕ ಹಡೆದಿದ್ದಾಳೆ, ಮನೆಯಲ್ಲಿ ಹಿಟ್ಟಿಲ್ಲ ಎಂದು ಸಣ್ಣ ದನಿಯಲ್ಲಿ ಹೇಳಿದಳು. ಕರುಣಾ ಆ ಚೀಲವನ್ನು ಮಾತ್ರ ಒಳಗೆ ಒಯ್ದಳು. ಬೆಲ್ಟು ಸ್ವಲ್ಪ ಹೊತ್ತು ಟಪ್ ಟಪ್ ಅಂದು ನಿಂತಿತು. ಪಾದ್ರಿ ಸಾಹೇಬರು ಅದು ಮುಗಿಯುವ ತನಕ ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದರು. ಆರಾಧನೆ ತಡವಾಗಿ ಶುರುವಾಯಿತು. ಚಕ್ಕಡಿಯವ ಎತ್ತುಗಳಿಗೆ ದಣಿವಾರಲಿ ಎಂದು ಚರ್ಚಿನ ಹಿಂದಿನ ಗೋಡೆಗೆ ಒರಗಿ ಕುಳಿತು ಉಪದೇಶವನ್ನೆಲ್ಲ ಕೇಳಿದ. (ಪಾದ್ರಿಗಳ ಸುಗ್ಗಿ ಪೂರ್ತಿ ಹುಸಿಯಾಗಲಿಲ್ಲ.)

ಮಧ್ಯಾಹ್ನ ಊಟಕ್ಕೆ ಕುಳಿತಾಗ ನನಗೊಂದು ಐಡಿಯಾ ಹೊಳೆಯಿತು. ನಿಯಮ ಹೇಗೂ ಮುರಿದಿದೆ. ಮುರಿದವಳು ಉಪದೇಶಿಯ ಮಗಳೇ. ಹಾಗಾದರೆ ಭಾನುವಾರ ಆರಾಧನೆ ಮುಗಿದ ಮೇಲೆ ಗಿರಣಿ ತೆರೆದು, ರಜೆಯನ್ನು ಮಂಗಳವಾರಕ್ಕೆ ಹಾಕಿಕೊಂಡರೆ ಹೇಗೆ? ಮಂಗಳವಾರ ಹೇಗೂ ನಮ್ಮ ಲೈನಿಗೆ ಕರೆಂಟಿರುವುದಿಲ್ಲ. ದೇವರಿಗೆ ಎಲ್ಲ ದಿನವೂ ಒಂದೇ ಅಲ್ಲವೇ? ಇದನ್ನು ಪಾಯಿಂಟು ಪಾಯಿಂಟಾಗಿ ಹೇಳಿದೆ.

ಕರುಣಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನಾ ಐತಾರ ಬಂದ್ ಮಾಡ್ರಿ ಅಂದಿದ್ದು ದೇವರ ಸಲುವಾಗಿ ಅಂತ ತಿಳಕೊಂಡೀರೇನು?"

"ಮತ್ತ?"

"ಗಿರಣಿ ಚಾಲೂ ಇದ್ದಾಗ ನೀವು ಒದರ್ತೀರಿ. ಆ ಸಪ್ಪಳದಾಗ ಒದರಬೇಕಾಗತೈತಿ, ಖರೆ. ಆದ್ರ ಬಂದ್ ಮಾಡಿ ಒಳಗ ಬಂದ ಮ್ಯಾಲೂ ಒದರ್ತೀರಿ. ನೀರ ಕೊಡು ಅನ್ನೂದೂ ಒದರಾಟನ. ನಾವು ಹೇಳಿದ್ದು ನಿಮಗ ಕೇಳಸೂದಿಲ್ಲ. ಐತಾರ ಮಧ್ಯಾಹ್ನ ಆಗೂದ್ರಾಗ ನಿಮ್ಮ ದನಿ ಇಳೀತೈತಿ. ನನಗ ದೇವರು ಯಾವ ದಿನಾ ಆದ್ರೂ ಸಿಗ್ತಾನ್ರಿ. ನೀವು ಸಿಗೂದು ಐತಾರ ಒಂದ ದಿನಾ."

ನಾನು ಮಗಳ ಕಡೆ ತಿರುಗಿದೆ. ಅವಳಾದರೂ ನನ್ನ ಪಕ್ಷ ಹಿಡಿಯಬೇಕಲ್ಲ.

"ಹೌದಪಾ, ಐತಾರ ನೀ ಬೈಯೂದಿಲ್ಲ" ಅಂದಳು ಪ್ರೇಮಾ.

"ಬ್ಯಾರೇ ದಿನಾ ನಾ ಬೈತೀನೇನ?"

"ಈಗ ಬೈದಿ ನೋಡು."

ನಾನು ಬೈದಿರಲಿಲ್ಲ. ಬರೀ ಕೇಳಿದ್ದೆ. ಆದರೆ ಪಕ್ಕದ ಮನೆಯ ಎಮ್ಮೆ ಕೂಡ ತಲೆಯೆತ್ತಿ ಇತ್ತ ನೋಡಿತ್ತು.

ಇಷ್ಟು ವರ್ಷ ದೇವರಿಗೆ ವಾರಕ್ಕೊಂದು ದಿನ ದಾನ ಕೊಡುತ್ತಿದ್ದೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಆ ದಿನವನ್ನು ಕೇಳಿದವರು ನನ್ನ ಅಡುಗೆಮನೆಯಲ್ಲೇ ಇದ್ದರು, ಅದೂ ಅಷ್ಟು ಕಡಿಮೆಗೆ: ನಾನು ಸ್ವಲ್ಪ ಮೆತ್ತಗೆ ಮಾತಾಡಲಿ ಎಂದು. ಮಂಗಳವಾರದ ಯೋಜನೆಯನ್ನು ಅಲ್ಲೇ ತಾಟಿನಲ್ಲಿ ಬಿಟ್ಟು ಎದ್ದೆ.

ಮೊನ್ನೆಯ ಭಾನುವಾರ ಒಂದು ಪ್ರಯೋಗ ಮಾಡಿದೆ. ಊಟವಾದ ಮೇಲೆ ಹಿತ್ತಿಲ ಬಾಗಿಲಲ್ಲಿ ಕುಳಿತು, ಬಾಯಿ ಮುಚ್ಚಿ, ಬರೀ ಕೇಳಿಸಿಕೊಂಡೆ. ಕರುಣಾ ಹುಣಸೆಹಣ್ಣಿನ ಬೀಜ ತೆಗೆಯುತ್ತ ಅದೂ ಇದೂ ಹೇಳುತ್ತ ಹೋದಳು. ಅವಳು ಹೇಳಿದ್ದರಲ್ಲಿ ಅರ್ಧ ನನಗೆ ಹೊಸ ಸುದ್ದಿ. ಅವಳ ತಮ್ಮನಿಗೆ ಎರಡನೆಯ ಕೂಸು ಹುಟ್ಟಿದೆಯಂತೆ. ಅಷ್ಟೇ ಅಲ್ಲ, ಆ ಕೂಸು ಈಗ ಗೋಡೆ ಹಿಡಿದು ನಡೆಯುತ್ತದಂತೆ!

"ನನಗ ಹೇಳೇ ಇಲ್ಲಲ್ಲ?" ಅಂದೆ, ಆದಷ್ಟು ಮೆತ್ತಗೆ.

"ಹುಟ್ಟಿದಾಗ ಹೇಳೀನ್ರಿ. ಹೆಸರ ಇಟ್ಟಾಗೂ ಹೇಳೀನಿ. ಗಿರಣಿ ಚಾಲೂ ಇತ್ತು."

ಆರು ದಿನ ಲೋಕ ಸೃಷ್ಟಿಸಿದ ದೇವರು ಏಳನೆಯ ದಿನ ಕೆಲಸ ನಿಲ್ಲಿಸಿದ್ದು ದಣಿವಾಗಿ ಎಂದೇ ನಾವೆಲ್ಲ ತಿಳಿದಿದ್ದೇವೆ. ಪಕ್ಕದಲ್ಲಿ ಯಾರೋ ಆಗಿನಿಂದ ಏನೋ ಹೇಳುತ್ತಿದ್ದುದು ಕೇಳಿಸಲಿ ಎಂದೂ ಇರಬಾರದೇ?